ಅಪ್ಪನ ಸರಿಯಾದ ವಯಸ್ಸು

ಅಪ್ಪಾ,

ಎಲ್ಲರಿಗೂ ಸರ್ಕಾರದ ಉಚಿತ ಚಿಕಿತ್ಸೆ ಎಂದು ಮನೆಮನೆಗೆ ಬಂದು ಕಾರ್ಡು ಮಾಡುತ್ತಿದ್ದಳಲ್ಲ, ಆ ದಪ್ಪ ಕನ್ನಡಕದ ಆರೋಗ್ಯ ಕಾರ್ಯಕರ್ತೆ, ಇವತ್ತು ಬೆಳಿಗ್ಗೆ ಮತ್ತೆ ಬಂದಿದ್ದಳು. ಕಾರ್ಡು ಹೊಸದು ಮಾಡಬೇಕಂತೆ. ನಾನು ಹೊಲಿಗೆ ಯಂತ್ರದ ಮುಂದಿನಿಂದ ಏಳಲಿಲ್ಲ.

"ನನ್ನ ಹೆಬ್ಬೆರಳು ಯಾಕೆ ಬೇಕು ನಿಮಗೆ?" ಎಂದೆ.

"ನಿಮ್ಮ ಬೆರಳು ತಗೊಂಡು ನಾನೇನು ಮಾಲೆ ಕಟ್ಕೊಳ್ಳಲಾ ಅಣ್ಣಾ? ಮಷೀನು ಕೇಳುತ್ತೆ, ಒತ್ತಿ ಅಷ್ಟೆ."

ನನಗೆ ಈಗಲೂ ನಂಬಿಕೆಯಿಲ್ಲ. ಪುಕ್ಕಟೆ ಕೊಡುವವರು ಮನೆಯ ಹೆಂಚು ಎಣಿಸದೆ ಹೋಗುವುದಿಲ್ಲ. ನೆರಳು ಕಂಡರೂ ಗುರುತಿನ ಚೀಟಿ ಕೇಳುವವನು ಎಂದು ನೀವು ನನ್ನನ್ನು ನೋಡಿ ನಗುತ್ತಿದ್ದಿರಿ. ಹಿಂದಿನ ಸಲ ಅವಳು ಬಂದಾಗ ನೀವು ಮಲಗಿದ್ದಿರಿ. ನಿಜ ಹೇಳಿದರೆ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತೇವೆಂದು ಹೆದರಿ, ಎಪ್ಪತ್ತೊಂದರ ನಿಮ್ಮ ವಯಸ್ಸನ್ನು ಐವತ್ತು ಎಂದು ಬರೆಸಿದೆ. ಜಾಣತನ ಎಂದುಕೊಂಡಿದ್ದೆ.

ಆಸ್ಪತ್ರೆಯ ಕಿಟಕಿಯಲ್ಲಿ ಗುಮಾಸ್ತ ಕಾರ್ಡನ್ನೂ ಗಾಲಿಕುರ್ಚಿಯಲ್ಲಿದ್ದ ನಿಮ್ಮನ್ನೂ ನೋಡಿ, "ಇದು ಇವರದ್ದಲ್ಲ, ಸರಿ ಮಾಡಿಸ್ಕೊಂಡು ಬನ್ನಿ" ಎಂದಿದ್ದ. ತಿದ್ದಿದ ಕಾರ್ಡು ಬರಲು ಹನ್ನೊಂದು ದಿನ ಹಿಡಿಯಿತು. ನೀವು ಒಂಬತ್ತನೇ ದಿನವೇ ಹೊರಟುಬಿಟ್ಟಿರಿ.

ಇವತ್ತು ಅವಳು ಕೇಳಿದ್ದಕ್ಕೆಲ್ಲ ನಿಜ ಹೇಳಿದೆ. ಕೇಳದಿದ್ದದ್ದನ್ನೂ ಹೇಳಿದೆ. ನಿದ್ದೆ ಬರುವುದಿಲ್ಲ, ಎಡಗಿವಿ ಮಂದ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ.

"ಅಷ್ಟೆಲ್ಲಾ ಬರೆಯೋಕೆ ಇಲ್ಲಿ ಜಾಗ ಇಲ್ಲ ಅಣ್ಣಾ," ಎಂದಳು.

ಹೆಬ್ಬೆರಳು ಒತ್ತಿ, ಅಂಗಿಗೆ ಎರಡು ಸಲ ಒರೆಸಿಕೊಂಡೆ. ಅವಳು ಚಪ್ಪಲಿ ಮೆಟ್ಟುವಾಗ, "ಅಪ್ಪನಿಗೆ ಎಪ್ಪತ್ತೊಂದು," ಎಂದೆ.

ಅವಳು ತಲೆಯಾಡಿಸಿದಳು. ಬರೆದುಕೊಳ್ಳಲಿಲ್ಲ.