ಅಮ್ಮನ ಅಳತೆಯ ಸ್ಟ್ಯಾಂಡ್

ಅಮ್ಮಾ,

ನೀನು ಶುಂಠಿ ಸೋಡಾ ಹುದುಗಿಸುತ್ತಿದ್ದ ಪಾತ್ರೆಗಳಿಗೆ ಇವತ್ತು ಕಬ್ಬಿಣದ ಸ್ಟ್ಯಾಂಡ್ ಮಾಡಿ ಮುಗಿಸಿದೆ. ನೀನು ಇದ್ದಾಗ ಕೇಳಿದ್ದ ಹಾಗೆಯೇ ಮಡಚಬಹುದು, ಚಕ್ರಗಳೂ ಇವೆ. ಶಾಲೆ ಬಿಟ್ಟ ನನ್ನ ವೆಲ್ಡಿಂಗ್ ತಾನೇ ಎಂದು, ಚಕ್ರಗಳಿಗೆ ಲಾಕ್ ಹಾಕಿ ಮೇಲೆ ಹತ್ತಿ ಕುಣಿದೂ ನೋಡಿದೆ. ಅಲುಗಲಿಲ್ಲ.

ಅಲ್ ಖೌದ್ ಊರಿನ ನಮ್ಮ ಅಡುಗೆಮನೆಯಲ್ಲಿ ಇಟ್ಟಾಗ, ಮೇಲಿನ ಪಾತ್ರೆಗೆ ಇಣುಕಲು ಅಪ್ಪ ತುದಿಗಾಲಲ್ಲಿ ನಿಂತರು.

"ಇದು ಯಾರ ಅಳತೆ ಮಾರಾಯಾ? ಇನ್ನು ಸೋಡಾ ಮಾಡುವವನು ನಾನಲ್ಲವಾ?"

ಸುಳ್ಳು ಹೇಳಲು ಬರಲಿಲ್ಲ. "ಅಮ್ಮನದು" ಎಂದೆ. ನಿನ್ನ ಭುಜ ಎಲ್ಲಿಗೆ ಬರುತ್ತಿತ್ತೆಂದು ನೆನೆದೇ ಅಳೆದಿದ್ದೆ.

ಸ್ಟ್ಯಾಂಡಿನ ಕಾಲು ಕತ್ತರಿಸಿ ಗಿಡ್ಡ ಮಾಡಲು ಕಬ್ಬಿಣ ಕೊಯ್ಯುವ ಗ್ರೈಂಡರ್ ಎತ್ತಿಕೊಂಡೆ. ಅಪ್ಪ ಕೈ ಹಿಡಿದರು.

"ಬೇಡ. ಅವಳ ಪಕ್ಕ ನಾನು ಯಾವಾಗಲೂ ಕುಳ್ಳನೇ. ಕೆಳಗೆ ನನಗೊಂದು ಮೆಟ್ಟಿಲು ಬೆಸೆ."

ಬೆಸೆದಿದ್ದೇನೆ. ಅದೂ ಮಡಚುತ್ತದೆ, ಅಮ್ಮಾ.