ಕರ್ತೃವಿಲ್ಲದ ವಾಕ್ಯ

ಶನಿವಾರ, ಬೆಳಿಗ್ಗೆ

ಮಗಳೇ,

ಆಶೀರ್ವಾದಗಳು. ನೀನು ಕಳುಹಿಸಿದ ವರದಿ ನಿನ್ನೆ ತಲುಪಿತು. ಓದಿದೆ, ಕನ್ನಡಕ ತೆಗೆದಿಟ್ಟು ಎದ್ದುಹೋದೆ, ಮತ್ತೆ ಬಂದು ಓದಿದೆ. "ಏನ್ರೀ, ಚಹಾ ಆರಿ ನೀರಾಯ್ತು, ಗೋಡೆ ಜೊತೆ ಜಗಳ ಆಡ್ತಿದ್ದೀರಾ?" ಎಂದು ನಿನ್ನ ಅಮ್ಮ ಎರಡು ಸಲ ಕೇಳಿದಳು.

ಒಂದು ವಾಕ್ಯದ ಕೆಳಗೆ ಗೆರೆ ಎಳೆದು, "ಅಪ್ಪಾ, ಇದು ಸರಿಯಾಗಿದೆಯಾ? ಇಷ್ಟು ಮಾತ್ರ ನೋಡಿ ಹೇಳಿ" ಎಂದು ಪೆನ್ಸಿಲಿನಲ್ಲಿ ಬರೆದಿದ್ದೀಯೆ. ವಾಕ್ಯ ಇದು: 'ಗುಂಡಿನ ಚಕಮಕಿಯಲ್ಲಿ ನಾಗರಿಕರ ಜೀವಹಾನಿ ಸಂಭವಿಸಿತು.'

ವ್ಯಾಕರಣದ ದೃಷ್ಟಿಯಿಂದ ತಪ್ಪಿಲ್ಲ. ನನಗೆ ಸಿಟ್ಟು ಬಂದದ್ದೇ ಅದಕ್ಕೆ.

ಸಂಭವವೆಂದರೆ ಹುಟ್ಟು. ಮೋಡದಲ್ಲಿ ಮಿಂಚು ಹುಟ್ಟಿದ ಹಾಗೆ ಅಲ್ಲಿ ಸಾವು ತಾನಾಗಿಯೇ ಹುಟ್ಟಿತೆ? ಇನ್ನು ಚಕಮಕಿ. ಕಲ್ಲಿಗೆ ಉಕ್ಕು ತಾಗದೆ ಕಿಡಿ ಹಾರದು. ಅದಕ್ಕೆ ಎರಡು ಕಡೆ ಬೇಕು. ಸಾವಿನ ವಿಚಾರಣೆಗೆಂದು ಹೋಗಿ ಆ ಊರಿನಿಂದ ಮರಳಿದ ದಿನ ಫೋನಿನಲ್ಲಿ ನೀನೇ ಹೇಳಿದೆಯಲ್ಲ: "ಅವರು ಹಿಟ್ಟಿನ ಗಿರಣಿ ಮುಂದೆ ಸಾಲಲ್ಲಿ ನಿಂತಿದ್ದೋರು, ಅಪ್ಪಾ. ಕೈಯಲ್ಲಿ ಡಬ್ಬ ಬಿಟ್ರೆ ಏನೂ ಇರ್ಲಿಲ್ಲ. ಗುಂಡು ಹೊಡೆದೋರು ಮುಂದಿನ ಬೆಂಚಲ್ಲಿ ಕೂತ್ಕೊಂಡು ನನ್ನ ಪಾಠ ಕೇಳಿದ ತುಕಡಿಯೋರೇ." ಗೋಧಿಯ ಡಬ್ಬ ಹಿಡಿದವರೊಡನೆ ಎಂಥ ಚಕಮಕಿ?

ನೀನು ಸಮವಸ್ತ್ರ ತೊಟ್ಟಾಗ ನಾನು ಬೇಡವೆನ್ನಲಿಲ್ಲ. ಗಡಿಯ ಠಾಣೆಗಳಲ್ಲಿ ವರ್ಷಗಟ್ಟಲೆ ಇದ್ದು ಬಂದು, "ಯಾವಾಗ ಗುಂಡು ಹಾರಿಸಬಾರದು ಅಂತ ಕಲಿಸೋರೇ ಇಲ್ಲ" ಎಂದು ಮತ್ತೆ ಓದಲು ಕುಳಿತೆ. ಸೈನಿಕ ನೀತಿಶಾಸ್ತ್ರದಲ್ಲಿ ವಿದುಷಿಯೆನಿಸಿಕೊಂಡೆ. ಸರ್ಕಾರ ಬಡ ನೆರೆರಾಷ್ಟ್ರಗಳ ಸೇನೆಗೆ ಬಂದೂಕಿನ ನೆರವು ಕೊಡುವಾಗ ನಿನ್ನ ಪಾಠವನ್ನೂ ಜೊತೆಗೆ ಕಳುಹಿಸತೊಡಗಿತು. ಶಾಲೆಯಲ್ಲಿ ನನ್ನೊಡನೆ ಪಾಠ ಮಾಡುತ್ತಿದ್ದ ಗಣಿತದ ಮೇಷ್ಟ್ರು ನನ್ನನ್ನು ಬೀದಿಯಲ್ಲಿ ತಡೆದು, "ಹುಲಿಗೆ ಹಲ್ಲೂ ಕಟ್ಟಿಸಿ, ಸೊಪ್ಪು ತಿನ್ನೋ ಪಾಠಾನೂ ಮಾಡ್ತಾಳೇನ್ರೀ ನಿಮ್ಮ ಮಗಳು?" ಎಂದು ಗೇಲಿ ಮಾಡಿದ್ದರು. ಒಂದು ತಿಂಗಳು ಅವರೊಡನೆ ಮಾತು ಬಿಟ್ಟಿದ್ದೆ. ಈಗ ಅವರಿಗೆ ಯಾವ ಮುಖ ತೋರಿಸಲಿ?

ಸೋಮವಾರ ಈ ವರದಿಗೆ ನಿನ್ನ ಸಹಿ ಬಿದ್ದರೆ ಅದೇ ತುಕಡಿಗೆ ಹೊಸ ಬಂದೂಕುಗಳು ಹೋಗುತ್ತವೆ. 'ಸೈನಿಕರು ಕೊಂದರು' ಎಂದು ಬರೆದರೆ ನೆರವು ನಿಲ್ಲುತ್ತದೆ. ನಿನ್ನ ಕೆಲಸವೂ ಉಳಿಯದು. ನೀನು ಮೊದಲು 'ಕೊಂದರು' ಎಂದೇ ಬರೆದಾಗ ನಿನ್ನ ನಿರ್ದೇಶಕರು ಕರೆಸಿ, "ಒಂದು ಕ್ರಿಯಾಪದಕ್ಕೋಸ್ಕರ ಇಷ್ಟು ಹಟ ಯಾಕಮ್ಮಾ?" ಎಂದರಂತೆ. ಒಂದು ಕ್ರಿಯಾಪದಕ್ಕೋಸ್ಕರ! ಅದು ಅಷ್ಟು ಅಲ್ಪವಾದರೆ, ಬದಲಿಸಲು ಆ ಮಹಾಶಯರಿಗೇಕೆ ಅಷ್ಟು ಅವಸರ?

ನೀನು ಚಿಕ್ಕವಳಿದ್ದಾಗ ಒಮ್ಮೆ, "ಗಾಜಿನ ಲೋಟ ಒಡೆದುಹೋಯ್ತು" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಕರ್ತೃಪದ ಎಲ್ಲಿ ಎಂದು ನಾನು ಕೇಳಿದೆ. ನೀನು ಮೂಗೊರೆಸಿಕೊಂಡು, "ನಾನು ಒಡೆದೆ" ಎಂದೆ. ಲೋಟಕ್ಕೆ ಸಿಕ್ಕಿದ ಕರ್ತೃ ಗಿರಣಿಯ ಮುಂದೆ ಬಿದ್ದವರಿಗೆ ಸಿಗಬಾರದೆ?

ನನ್ನ ಕಾಗದಗಳಲ್ಲೇ ಒತ್ತಕ್ಷರದ ತಪ್ಪು ಹುಡುಕಿ ಅಣಕಿಸುವವಳು ನೀನು. ಈ ವಾಕ್ಯವನ್ನು ನೋಡಿಕೊಡಲು ನಿನಗೆ ನಾನು ಬೇಕಿರಲಿಲ್ಲ. ಅದರ ಪಕ್ಕದಲ್ಲಿ ನನ್ನ ಕೆಂಪು ಮಸಿಯ 'ಸರಿ' ಗುರುತು ಬಿದ್ದರೆ ನಿಶ್ಚಿಂತೆಯಿಂದ ಸಹಿ ಹಾಕಬಹುದೆಂದು ನೀನು ಅಂದುಕೊಂಡೆ. ಆ ಗುರುತು ನಾನು ಹಾಕುವುದಿಲ್ಲ. ವರದಿಯನ್ನು ಹಾಗೆಯೇ ಇಂದಿನ ಬಸ್ಸಿನಲ್ಲೇ ಹಿಂದಿರುಗಿಸುತ್ತಿದ್ದೇನೆ. ತಿದ್ದಬೇಕಾದವಳು ನೀನು.

ಸಿಟ್ಟು ಇಳಿಯದ,
ನಿನ್ನ ಅಪ್ಪ

ತಾ.ಕ.: ಕಾಗದ ಮಡಿಸುವಾಗ ನಿನ್ನ ಅಮ್ಮ ಬಾಯಿ ಬಿಟ್ಟಳು. ಕೆಲಸ ಬಿಟ್ಟು ಬಂದರೆ ಮನೆಯಲ್ಲಿ ಜಾಗವಿದೆಯೇ ಎಂದು ಬುಧವಾರವೇ ಅವಳನ್ನು ಕೇಳಿದೆಯಂತೆ. ಅಪ್ಪನಿಗೆ ಹೇಳಬೇಡವೆಂದೂ ಅಂದೆಯಂತೆ. "ನೀವು ಕೂತು ಬೈದು ಬರೀರಿ, ಮಗು ಎಲ್ಲಿ ಮಲಗ್ಬೇಕೂಂತ ಯೋಚನೆ ಮಾಡ್ತಿದೆ" ಎಂದಳು. ಮೇಲಿನದರಲ್ಲಿ ಒಂದಕ್ಷರವನ್ನೂ ಬದಲಿಸುವುದಿಲ್ಲ. 'ಹಿಂದಿನ ಕೋಣೆ ಖಾಲಿಯಾಗಿದೆ' ಎಂದು ಇಲ್ಲಿ ಬರೆದು, ಹೊಡೆದುಹಾಕಿದ್ದೇನೆ. ನಿಘಂಟುಗಳನ್ನೆಲ್ಲ ಹೊರಗೆ ಹೊತ್ತು ಹಾಕಿ ಆ ಕೋಣೆಯನ್ನು ನಾನು ಖಾಲಿ ಮಾಡಿದ್ದೇನೆ.