ಜಾಹೀರಾತಿನಲ್ಲಿ ಮಾತ್ರ ಬೆಳೆಯುವ ಏಲಕ್ಕಿ

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ಎರಡು ರೆಕಾರ್ಡಿಂಗ್. ಒಂದು ಸೀರೆ ಅಂಗಡಿಯದು, ಇನ್ನೊಂದು ಏಲಕ್ಕಿ ಕಂಪನಿಯದು. "ಹೊನ್ನಮುದ್ರೆ ಏಲಕ್ಕಿ... ಬಾಯಿಗೆ ಘಮ, ಬಾಳಿಗೆ ಗತ್ತು!" ಮೂರನೇ ಟೇಕಿಗೇ ಏಜೆಂಟ್ ನಟರಾಜ್ ಖುಷ್. ವರ್ಷವಿಡೀ ಕೆಲಸ ಕೊಡುತ್ತಾನಂತೆ. ಮಧ್ಯಾಹ್ನದಿಂದ ವಿನೋದಣ್ಣನ ಆಟೊದ ಮೈಕಿನಲ್ಲಿ ನನ್ನ ದನಿ ತೀರ್ಥಹಳ್ಳಿ ಸುತ್ತುತ್ತಿದೆ. ಅದೇ ಹೆಸರಿನ ಗುಟ್ಕಾ ಇರುವುದು ಗೊತ್ತು. ಆದರೆ ನಾನು ಹೇಳಿದ್ದು ಏಲಕ್ಕಿಯ ಬಗ್ಗೆ ತಾನೇ...

ಫೆಬ್ರವರಿ 5, ಸಂಜೆ

ಅಪ್ಪನ ಜೇಬಿನಲ್ಲಿ ಜೋಡಿ ಪ್ಯಾಕೆಟ್. ಪಾನ್ ಮಸಾಲೆ ಒಂದು, ತಂಬಾಕು ಒಂದು; ಬೆರೆಸಿದರೆ ಗುಟ್ಕಾ. ಮೇಲೆ ಹೊನ್ನಮುದ್ರೆ. ಅಪ್ಪ ಗುಟ್ಕಾ ಬಿಟ್ಟು ಎಂಟು ತಿಂಗಳಾಗಿತ್ತು. ಬಾಯಿ ಈಗ ಎರಡು ಬೆರಳಷ್ಟೇ ತೆರೆಯುವುದು. ಮತ್ತೆ ಹಾಕಿದರೆ ಅದೂ ಇಲ್ಲ ಎಂದಿದ್ದಾರೆ ಡಾಕ್ಟರು.

"ಎಂಥ ಅಪ್ಪಾ ಇದು?"

"ಏಲಕ್ಕಿ ಕೊಡು ಅಂದೆ ಮಾರಾಯ್ತಿ. ಅಂಗಡಿ ಶೇಷಪ್ಪ ಇದನ್ನೇ ಕೊಟ್ಟ. ಮೈಕಲ್ಲಿ ಮಗಳೇ ಹೇಳ್ತಿದಾಳೆ, ಒಳ್ಳೇದೇ ಇರ್ಬೇಕು ಅನ್ಕೊಂಡೆ."

"ಹಾಕಿದ್ಯಾ?"

"ಇಲ್ಲ. ಮೂಸಿ ನೋಡ್ದೆ ಅಷ್ಟೆ. ಹಾಗೇ ಜೇಬಿಗೆ ಹಾಕ್ಕೊಂಡೆ."

ಕಿತ್ತುಕೊಂಡು ಒಲೆಗೆ ಹಾಕಿದೆ. ನಾಳೆ ಅಂಗಡಿಗಳಲ್ಲಿ ಆ ಏಲಕ್ಕಿ ಇದೆಯಾ ನೋಡಬೇಕು.

ಫೆಬ್ರವರಿ 6

ಬಸ್‌ಸ್ಟ್ಯಾಂಡಿನ ಸುತ್ತ ಹದಿನಾಲ್ಕು ಅಂಗಡಿ ತಿರುಗಿದೆ. ಎಲ್ಲೂ ಆ ಏಲಕ್ಕಿ ಇಲ್ಲ. ಶೇಷಪ್ಪ ನಕ್ಕ. "ಅದು ಜಾಹೀರಾತಲ್ಲಿ ಮಾತ್ರ ಬೆಳಿಯೋ ಏಲಕ್ಕಿ ಕಣಮ್ಮ. ಗುಟ್ಕಾ ಅಂತ ಕೂಗೋ ಹಾಗಿಲ್ವಲ್ಲ."

ನಟರಾಜ್‌ಗೆ ಫೋನ್ ಮಾಡಿದೆ. ನನ್ನ ದನಿ ತೆಗೆಯಿರಿ ಎಂದೆ.

"ಅಯ್ಯೋ ರಕ್ಷಾ, ನಾವು ತಂಬಾಕು ಅಂದಿದೀವಾ? ಏಲಕ್ಕಿ ಅಂದ್ರೆ ಏಲಕ್ಕಿ."

"ಹಾಗಾದ್ರೆ ಒಂದು ಪ್ಯಾಕೆಟ್ ತಂದ್ಕೊಡಿ, ನೋಡೋಣ."

ಫೋನ್ ಕಟ್. ವರ್ಷದ ಕೆಲಸವೂ ಕಟ್.

ಫೆಬ್ರವರಿ 11

ನಿನ್ನೆಯಿಂದ ವಿನೋದಣ್ಣನ ಆಟೊದಲ್ಲಿ ನನ್ನದೇ ಹೊಸ ರೆಕಾರ್ಡಿಂಗ್. "ಹೊನ್ನಮುದ್ರೆ ಏಲಕ್ಕಿ ಒಂದೇ ಒಂದು ಪ್ಯಾಕೆಟ್ ಹುಡುಕಿ ತನ್ನಿ. ನಿಮ್ಮ ಮನೆ ಮದುವೆಗೆ ನನ್ನ ಅನೌನ್ಸ್‌ಮೆಂಟ್ ಫ್ರೀ!"

ಊರಿಗೆ ಊರೇ ಹುಡುಕುತ್ತಿದೆ. ಹುಲಿಕಲ್‌ನಿಂದಲೂ ಫೋನ್: ಅಲ್ಲೂ ಇಲ್ಲವಂತೆ. ಪಕ್ಕದ ಬೀದಿಯ ಮಂಜುನಾಥಪ್ಪ ಮನೆಯ ಡಬ್ಬಿಯ ಏಲಕ್ಕಿಯನ್ನೇ ಪೊಟ್ಟಣ ಕಟ್ಟಿ, ಮೇಲೆ ಪೆನ್ನಿನಿಂದ ಹೊನ್ನಮುದ್ರೆ ಎಂದು ಬರೆದು ತಂದರು. ಮುಂದಿನ ತಿಂಗಳು ಮಗಳ ಮದುವೆ! ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಬಹುಮಾನ ಕೊಡಲಿಲ್ಲ, ಕಾಫಿ ಕೊಟ್ಟೆ.

ಫೆಬ್ರವರಿ 13

ನಟರಾಜ್ ಬಂದ. ಕೈ ಖಾಲಿ. ಎಲ್ಲಿ ಹೋದರೂ ಜನ "ಏಲಕ್ಕಿ ಬಂತಾ?" ಎಂದು ಕೇಳಿ ನಗುತ್ತಾರಂತೆ.

"ನಿಲ್ಸಿ ಮಾರಾಯ್ರೆ, ಸಾಕು."

"ಮೊದ್ಲು ನೀವು ನಿಲ್ಸಿ."

ನನ್ನ ದನಿಯ ಜಾಹೀರಾತನ್ನು ನನ್ನೆದುರೇ ಪೆನ್‌ಡ್ರೈವಿನಿಂದ ಅಳಿಸಿದ. ಬೇರೆ ಊರಲ್ಲಿ ಬೇರೆ ದನಿ ಸಿಗಬಹುದು ಅವನಿಗೆ. ನನ್ನದಂತೂ ಇಲ್ಲ.

ಫೆಬ್ರವರಿ 14, ಬೆಳಿಗ್ಗೆ 10

ಅಪ್ಪ ಸ್ಟುಡಿಯೋಗೇ ಬಂದಿದ್ದಾನೆ. ಕ್ಷೌರ, ಇಸ್ತ್ರಿ ಅಂಗಿ!

"ಗುಟ್ಕಾ ಬಗ್ಗೆ ನಾನೂ ಮೈಕಲ್ಲಿ ಎರಡು ಮಾತು ಹೇಳ್ತೀನಿ. ಬಾಯಿ ಸರಿ ತೆರಿಯಲ್ಲ... ಪರವಾಗಿಲ್ವಾ?"

"ಹಾಗೇ ಹೇಳಪ್ಪಾ. ಜನಕ್ಕೆ ಅದೇ ಕೇಳ್ಬೇಕು."

ಬರೆದುಕೊಡುತ್ತೇನೆ ಎಂದರೆ ಬೇಡವಂತೆ. ನೀರು ಕುಡಿಯುತ್ತಿದ್ದಾನೆ, ಅಷ್ಟರಲ್ಲಿ ಇಷ್ಟು ಬರೆದೆ. ಅಯ್ಯೋ, ಮೈಕ್ ಹಿಡಿದು ಶುರು ಮಾಡಿಯೇಬಿಟ್ಟ! "ನಾನು ಧರ್ಮಪ್ಪ. ರಕ್ಷಾಳ ಅಪ್ಪ..." ಇರಪ್ಪಾ, ರೆಕಾರ್ಡ್ ಬಟನ್ ಇನ್ನೂ ಒತ್ತಿ—